ಹೆರಿಗೆಯ ನಂತರದ ಮೂತ್ರ ಸೋರಿಕೆ: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದುದು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ್ದ ತಾಲ್ಲೂಕು ಮಟ್ಟದ ಕಾರ್ಯಾಗಾರದಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಇಂದಿನ ಕಾರ್ಯಸೂಚಿಯಲ್ಲಿ ನನ್ನ ಉಪನ್ಯಾಸಕ್ಕೆ 'ತಾಯಂದಿರ ಆರೋಗ್ಯ' ಎಂಬ ಶೀರ್ಷಿಕೆಯನ್ನು ಕೊಡಲಾಗಿದೆ. ತಾಯಂದಿರ ಆರೋಗ್ಯ ಎಂದೊಡನೆ ತಮ್ಮ ಮನಸ್ಸಿಗೆ ಬರುವುದು ರಕ್ತಹೀನತೆ, ಕಬ್ಬಿಣಾಂಶದ ಮಾತ್ರೆ, ತಾಯಿ ಕಾರ್ಡು, ಆಸ್ಪತ್ರೆಯ ಹೆರಿಗೆ. ಅವೆಲ್ಲವೂ ಮುಖ್ಯವಾದ ಸಂಗತಿಗಳೇ. ಆದರೆ ಅವುಗಳನ್ನು ತಾವು ಅನೇಕ ವೇದಿಕೆಗಳಲ್ಲಿ ಕೇಳಿದ್ದೀರಿ. ಆದ್ದರಿಂದ ನಾನು ಇಂದು ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇನೆ. ಇದುವರೆಗೆ ನಾನು ನೋಡಿರುವ ಯಾವ ಗ್ರಾಮ ಸಭೆಯ ನಡವಳಿಯಲ್ಲೂ ಈ ವಿಷಯ ಬಂದಿಲ್ಲ. ಹೆರಿಗೆಯಾದ ಮೇಲೆ ಹೆಂಗಸರಿಗೆ ತಮ್ಮ ಹಿಡಿತವನ್ನು ಮೀರಿ ಮೂತ್ರ ಸೋರುವುದು, ಅದೇ ಆ ವಿಷಯ.

ಧ್ವನಿವರ್ಧಕದಲ್ಲಿ ಈ ಮಾತನ್ನು ಹೇಳಿದಾಗ ಸಭೆಯಲ್ಲಿ ಕೆಲವರು ತಲೆ ತಗ್ಗಿಸಿದ್ದನ್ನು ನಾನು ಗಮನಿಸಿದೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಈ ತೊಂದರೆಯ ಅರ್ಧ ಭಾಗ ಶರೀರದಲ್ಲಿದ್ದರೆ ಇನ್ನರ್ಧ ಈ ಸಂಕೋಚದಲ್ಲಿದೆ. ಶರೀರದ ಭಾಗಕ್ಕೆ ಸುಲಭವಾದ, ಖರ್ಚಿಲ್ಲದ ಉಪಾಯವಿದೆ. ಸಂಕೋಚದ ಭಾಗವು ವೈದ್ಯರೊಬ್ಬರಿಂದಲೇ ಪರಿಹಾರವಾಗುವಂಥದ್ದಲ್ಲ; ಅದಕ್ಕಾಗಿಯೇ ತಮ್ಮ ಮುಂದೆ ಬಂದಿದ್ದೇನೆ.

ಮೊದಲು ತೊಂದರೆಯ ಸ್ವರೂಪವನ್ನು ಹೇಳುತ್ತೇನೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ಕೊಡ ಎತ್ತಿದಾಗ, ಹುಲ್ಲಿನ ಹೊರೆಯನ್ನು ತಲೆಗೇರಿಸಿಕೊಳ್ಳುವಾಗ ನಾಲ್ಕು ಹನಿ ಮೂತ್ರ ಬಟ್ಟೆಗೆ ಇಳಿಯುವುದು ಒಂದು ಬಗೆ. ಹೆರಿಗೆಯ ನಂತರ ಹೆಚ್ಚಾಗಿ ಕಾಣುವುದು ಇದೇ. ಇನ್ನೊಂದು ಬಗೆಯಲ್ಲಿ, ಮೂತ್ರಕ್ಕೆ ಹೋಗಬೇಕೆಂಬ ಅವಸರ ಇದ್ದಕ್ಕಿದ್ದಂತೆ ಹುಟ್ಟಿ, ಬಚ್ಚಲ ಬಾಗಿಲು ಮುಟ್ಟುವಷ್ಟರಲ್ಲಿಯೇ ಸೋರಿಬಿಡುತ್ತದೆ. ಕೊಳಾಯಿ ನೀರಿನ ಸದ್ದು ಕೇಳಿದರೂ ಸಾಕು, ತಡೆಯಲಾಗುವುದಿಲ್ಲ. ಕೆಲವರಲ್ಲಿ ಎರಡೂ ಕೂಡಿರುತ್ತವೆ.

ನಮ್ಮಲ್ಲಿಗೆ ಬರುವ ಹೆಂಗಸರು ಇದನ್ನು ನೇರವಾಗಿ ಹೇಳುವುದು ಅಪರೂಪ. ಸೊಂಟ ನೋವು ಎನ್ನುತ್ತಾರೆ, ಬಿಳುಪು ಹೋಗುತ್ತದೆ ಎನ್ನುತ್ತಾರೆ, ಕೈಕಾಲು ಸೋಲುತ್ತವೆ ಎನ್ನುತ್ತಾರೆ. ಚೀಟಿ ಬರೆದುಕೊಟ್ಟು, ಅವರು ಎದ್ದು ಬಾಗಿಲವರೆಗೆ ಹೋಗಿ, ಜೊತೆಗೆ ಬಂದ ಅತ್ತೆಯೋ ಗಂಡನೋ ಹೊರಗೆ ಕಾಲಿಟ್ಟ ಮೇಲೆ ಹಿಂದಿರುಗಿ ನೋಡಿ, 'ಮೇಡಂ, ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತದೆ' ಎನ್ನುತ್ತಾರೆ. ಎಷ್ಟು ದಿನದಿಂದ ಎಂದು ಕೇಳಿದರೆ, ದೊಡ್ಡ ಮಗ ಹುಟ್ಟಿದಾಗಿನಿಂದ ಎಂಬ ಉತ್ತರ ಬರುತ್ತದೆ. ದೊಡ್ಡ ಮಗ ಈಗ ಹೈಸ್ಕೂಲಿನಲ್ಲಿರುತ್ತಾನೆ!

ಇಷ್ಟು ವರ್ಷ ಸುಮ್ಮನಿರಲು ಕಾರಣವೂ ಇದೆ. ಹೆತ್ತವರಿಗೆಲ್ಲ ಇದು ಇದ್ದದ್ದೇ ಎಂದು ತಾಯಿ ಮಗಳಿಗೆ ಹೇಳಿರುತ್ತಾಳೆ. ತಾಯಿಗೆ ಅಜ್ಜಿ ಹೇಳಿರುತ್ತಾಳೆ. 'ಇದ್ದದ್ದೇ' ಎಂಬುದು ಒಂದರ್ಥದಲ್ಲಿ ನಿಜ. ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಸುಮಾರು ಮೂವರು ತಾಯಂದಿರಲ್ಲಿ ಒಬ್ಬರಿಗೆ ಹೆಚ್ಚು ಕಡಿಮೆ ಸೋರಿಕೆ ಇರುತ್ತದೆಂದು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಆದರೆ ಸಾಮಾನ್ಯವಾದದ್ದೆಲ್ಲವನ್ನೂ ಸಹಿಸಿಕೊಂಡಿರಬೇಕೆಂದೇನೂ ಇಲ್ಲ. ರಕ್ತಹೀನತೆಯೂ ನಮ್ಮಲ್ಲಿ ಸಾಮಾನ್ಯವೇ. ಅದಕ್ಕೆ ನಾವು ಮಾತ್ರೆ ಕೊಡುತ್ತಿಲ್ಲವೇ?

ಇಲ್ಲಿ ಒಂದು ಅಂಕಿಯನ್ನು ತಾವು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಬ್ರಿಟನ್ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ತಾಯಂದಿರನ್ನು ಹೆರಿಗೆಯಿಂದ 12 ವರ್ಷಗಳವರೆಗೆ ಅನುಸರಿಸಿ ವಿಚಾರಿಸಲಾಯಿತು. ಹೆರಿಗೆಯಾಗಿ ಮೂರು ತಿಂಗಳಾದಾಗ ಯಾರಿಗೆ ಸೋರಿಕೆ ಇತ್ತೋ ಅವರಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ 12 ವರ್ಷಗಳ ನಂತರವೂ ಸೋರಿಕೆ ಇತ್ತು. ಅಂದರೆ ಮೊದಲ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವವರು ಅನೇಕರಿದ್ದಾರೆ. ಮೂರು ತಿಂಗಳು ಕಳೆದರೂ ಉಳಿದದ್ದು ಬಹುಮಟ್ಟಿಗೆ ಉಳಿದೇ ಬಿಡುತ್ತದೆ. ಆದ್ದರಿಂದ ಕೇಳಬೇಕಾದ ಹೊತ್ತು ಮೂರನೆಯ ತಿಂಗಳು. ನನ್ನ ಉಪನ್ಯಾಸದ ತಿರುಳು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಸೋರಿಕೆ ಏಕೆ ಆಗುತ್ತದೆ? ನಮ್ಮ ಎರಡು ತೊಡೆಗಳ ನಡುವೆ, ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ, ಮಾಂಸಖಂಡಗಳ ಒಂದು ಹಾಸು ಇದೆ. ಇದನ್ನು ವೈದ್ಯರು ಶ್ರೋಣಿತಳದ ಸ್ನಾಯುಗಳು ಎನ್ನುತ್ತಾರೆ. ಮಗುವನ್ನು ಮಲಗಿಸಲು ಸೀರೆಯಿಂದ ಕಟ್ಟುವ ಜೋಲಿಯನ್ನು ಊಹಿಸಿಕೊಳ್ಳಿ. ಈ ಜೋಲಿಯ ಮೇಲೆ ಮೂತ್ರಕೋಶ, ಗರ್ಭಕೋಶ ಮತ್ತು ಕರುಳಿನ ಕೊನೆಯ ಭಾಗ ಕುಳಿತಿವೆ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಕೆಳಕ್ಕೆ ಬೀಳುತ್ತದೆ. ಜೋಲಿ ಬಿಗಿಯಾಗಿದ್ದರೆ ಮೂತ್ರದ ದಾರಿ ಮುಚ್ಚಿಕೊಂಡಿರುತ್ತದೆ, ಸಡಿಲವಾಗಿದ್ದರೆ ತೆರೆದುಕೊಳ್ಳುತ್ತದೆ. ಒಂಬತ್ತು ತಿಂಗಳು ಈ ಜೋಲಿ ಗರ್ಭದ ಭಾರವನ್ನು ಹೊತ್ತಿರುತ್ತದೆ. ಹೆರಿಗೆಯ ವೇಳೆ ಮಗುವಿನ ತಲೆ ಹೊರಬರುವಾಗ ಅದರ ಕೆಲವು ಎಳೆಗಳು ತಮ್ಮ ಉದ್ದದ ಸುಮಾರು ಮೂರು ಪಟ್ಟು ಹಿಗ್ಗುತ್ತವೆ. ಅಷ್ಟು ಹಿಗ್ಗಿದ ಮಾಂಸ, ಅದರೊಳಗಿನ ನರ, ಮತ್ತೆ ಮೊದಲಿನಂತಾಗಲು ಕಾಲ ಬೇಕು, ಅಭ್ಯಾಸವೂ ಬೇಕು. ದೊಡ್ಡ ಮಗು, ದೀರ್ಘ ಕಾಲದ ನೋವು, ಇಕ್ಕಳ ಹಾಕಿ ಮಾಡಿಸಿದ ಹೆರಿಗೆ, ಮೈತೂಕ, ಬಿಡದ ಕೆಮ್ಮು, ಮಲಬದ್ಧತೆ ಇವು ತೊಂದರೆಯನ್ನು ಹೆಚ್ಚಿಸುತ್ತವೆ. ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಕೆಮ್ಮುವ ಹೆಂಗಸಿನ ಜೋಲಿ ದಿನಕ್ಕೆ ಎಷ್ಟು ಪೆಟ್ಟು ತಿನ್ನುತ್ತದೆಂದು ತಾವೇ ಲೆಕ್ಕ ಹಾಕಬಹುದು.

ಹಾಗಾದರೆ ಸಿಸೇರಿಯನ್ ಮಾಡಿಸಿಕೊಂಡರೆ ಈ ಕಷ್ಟವಿಲ್ಲವಲ್ಲ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿದ್ದು, ಒಟ್ಟು ಹೆರಿಗೆಗಳಲ್ಲಿ ಶೇ. 31ಕ್ಕೂ ಹೆಚ್ಚು ಸಿಸೇರಿಯನ್ ಆಗಿವೆ. ಆದ್ದರಿಂದ ಈ ಪ್ರಶ್ನೆ ಸಣ್ಣದಲ್ಲ. ನಾರ್ವೆ ದೇಶದಲ್ಲಿ ಸುಮಾರು 15,000 ಹೆಂಗಸರನ್ನು ಒಳಗೊಂಡು ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯೇ ಆಗದವರಲ್ಲಿ ಶೇ. 10, ಸಿಸೇರಿಯನ್ ಮಾತ್ರ ಆದವರಲ್ಲಿ ಶೇ. 16, ಸಹಜ ಹೆರಿಗೆಯಾದವರಲ್ಲಿ ಶೇ. 21ರಷ್ಟು ಮಂದಿಗೆ ಸೋರಿಕೆ ಇತ್ತು. ಸಿಸೇರಿಯನ್ನಿನಿಂದ ಅಪಾಯ ಸ್ವಲ್ಪ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ; ಗರ್ಭದ ಭಾರ ಎಲ್ಲರೂ ಹೊತ್ತದ್ದೇ. ಇದೊಂದೇ ಕಾರಣಕ್ಕೆ ಹೊಟ್ಟೆ ಕೊಯ್ಸಿಕೊಳ್ಳುವುದು ವಿವೇಕವಲ್ಲ. ಹಾಗೆಯೇ, ನನಗೆ ಸಿಸೇರಿಯನ್ ಆಗಿದೆ, ಆದ್ದರಿಂದ ನನಗೆ ವ್ಯಾಯಾಮ ಬೇಡ ಎನ್ನುವುದೂ ಸರಿಯಲ್ಲ.

ಇನ್ನು ಬಾಣಂತನದ ವಿಚಾರ. ನಮ್ಮ ಬಾಣಂತನವನ್ನು ಹಳೆಯ ಕಾಲದ ಮೌಢ್ಯವೆಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರಿದವಳಲ್ಲ. ಹೆತ್ತವಳಿಗೆ ಮೂರು ತಿಂಗಳು, ಕೆಲವೆಡೆ ಐದು ತಿಂಗಳು, ತವರಿನಲ್ಲಿ ಭಾರ ಎತ್ತದೆ ಮಲಗಿರುವ ಅವಕಾಶವನ್ನು ನಮ್ಮ ಹಿರಿಯರು ಮಾಡಿಟ್ಟರು. ಜೋಲಿ ಕೂಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದೆ? ಆದರೆ ಅದರೊಳಗೆ ಸೇರಿಕೊಂಡಿರುವ ಒಂದೆರಡು ಸಂಗತಿಗಳನ್ನು ಬಿಡಬೇಕಾಗಿದೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಲೋಟ ಅಳೆದು ನೀರು ಕೊಡುವ ಮನೆಗಳು ಇಂದಿಗೂ ಇವೆ. ಹಾಲೂಡುವ ತಾಯಿಗೆ ನೀರು ಹೆಚ್ಚು ಬೇಕು. ನೀರು ಸಾಲದಿದ್ದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಮಲ ಗಟ್ಟಿಯಾಗಿ ಮುಕ್ಕಬೇಕಾಗುತ್ತದೆ, ಮುಕ್ಕಿದಷ್ಟೂ ಜೋಲಿ ಕೆಳಕ್ಕೆ ಜಗ್ಗುತ್ತದೆ. ಸೊಪ್ಪು, ತರಕಾರಿ, ಹಣ್ಣನ್ನು ಬಾಣಂತಿಯಿಂದ ದೂರವಿಟ್ಟು ಒಣ ಅನ್ನ, ಮೆಣಸಿನ ಸಾರು ಮಾತ್ರ ಬಡಿಸುವುದರ ಫಲವೂ ಇದೇ. ಹೊಟ್ಟೆಗೆ ಬಟ್ಟೆ ಕಟ್ಟುವ ಪದ್ಧತಿ ಸಡಿಲವಾಗಿದ್ದರೆ ಅಡ್ಡಿಯಿಲ್ಲ, ಸೊಂಟಕ್ಕೆ ಆಸರೆಯಾಗುತ್ತದೆ. ಉಸಿರು ಕಟ್ಟುವಂತೆ ಬಿಗಿದರೆ ಒತ್ತಡವೆಲ್ಲ ಕೆಳಗಿಳಿಯುತ್ತದೆ. ಹೇಗೆ ಕಟ್ಟಿದರೂ ಆ ಬಟ್ಟೆ ಕೆಳಗಿನ ಜೋಲಿಗೆ ಬಲ ಕೊಡುವುದಿಲ್ಲ. ಆ ಬಲ ಬರುವುದು ವ್ಯಾಯಾಮದಿಂದ.

1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಎಂಬವರು ಹೆರಿಗೆಯ ನಂತರ ಈ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರೆ ಹಿಡಿತ ಮರಳುತ್ತದೆಂದು ಬರೆದರು. ಅವರ ಹೆಸರಿನಿಂದಲೇ ಅದು ಇಂದಿಗೂ ಪ್ರಸಿದ್ಧವಾಗಿದೆ. ಯೋಗಾಭ್ಯಾಸ ಬಲ್ಲವರಿಗೆ ಮೂಲಬಂಧ ನೆನಪಾಗಬಹುದು. ಸ್ನಾಯುವನ್ನು ಬಿಗಿಯುವ ಕ್ರಿಯೆ ಬಹುಮಟ್ಟಿಗೆ ಅದೇ. ಆದರೆ ಇಲ್ಲಿ ಉಸಿರನ್ನು ಕಟ್ಟಬಾರದು.

ವಿಧಾನವನ್ನು ಹೇಳುತ್ತೇನೆ, ಮನೆಗೆ ಹೋಗಿ ಹೇಳುವಷ್ಟು ಸರಳವಾಗಿದೆ. ಮಲಗಿ ಅಥವಾ ಕುಳಿತು, ಹೊರಬರುತ್ತಿರುವ ವಾಯುವನ್ನು ತಡೆಯುವಂತೆ ಹಿಂಭಾಗವನ್ನೂ, ಮೂತ್ರವನ್ನು ತಡೆಯುವಂತೆ ಮುಂಭಾಗವನ್ನೂ ಒಟ್ಟಿಗೆ ಬಿಗಿಹಿಡಿದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಾಗಬಾರದು. ಪಕ್ಕದಲ್ಲಿ ಕುಳಿತವರಿಗೆ ಗೊತ್ತಾಗಬಾರದು. ಉಸಿರಾಡುತ್ತ ಒಂದರಿಂದ ಐದರವರೆಗೆ ಎಣಿಸಿ ಸಡಿಲ ಬಿಡಬೇಕು, ಅಷ್ಟೇ ಹೊತ್ತು ವಿಶ್ರಾಂತಿ ಕೊಡಬೇಕು. ಐದು ಎಣಿಸಲಾಗದವರು ಎರಡರಿಂದ ಆರಂಭಿಸಲಿ. ವಾರಗಳು ಕಳೆದಂತೆ ಹತ್ತರವರೆಗೆ ಏರಿಸಲಿ. ಒಂದು ಬಾರಿಗೆ ಕನಿಷ್ಠ ಎಂಟು ಸಲ, ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು. ಮಗುವಿಗೆ ಹಾಲೂಡಿಸುವ ಸಮಯಕ್ಕೆ ಇದನ್ನು ಜೋಡಿಸಿಕೊಂಡರೆ ಮರೆಯುವುದಿಲ್ಲ. ಕೆಮ್ಮು, ಸೀನು ಬರುವ ಮುನ್ನ, ಕೊಡ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವ ಅಭ್ಯಾಸ ಮಾಡಿಕೊಂಡರೆ ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಾಣುವವರಿದ್ದಾರೆ. ಮೂತ್ರ ವಿಸರ್ಜನೆಯ ನಡುವೆ ತಡೆದು ತಡೆದು ಬಿಡುವುದನ್ನು ಕೆಲವರು ವ್ಯಾಯಾಮವೆಂದು ಹೇಳಿಕೊಡುತ್ತಾರೆ. ಅದು ಬೇಡ, ಮೂತ್ರಕೋಶ ಪೂರ್ತಿ ಬರಿದಾಗದೆ ಉಳಿಯುತ್ತದೆ.

ಸಹಜ ಹೆರಿಗೆಯಾಗಿ, ಮೂತ್ರ ಸರಾಗವಾಗಿ ಹೋಗುತ್ತಿದ್ದರೆ, ಕೆಲವು ದಿನಗಳಲ್ಲಿಯೇ ಮೆಲ್ಲಗೆ ಆರಂಭಿಸಬಹುದು. ಮೂತ್ರದ ನಳಿಕೆ ಹಾಕಿರುವಾಗ ಮಾತ್ರ ಮಾಡಬಾರದು. ಗರ್ಭಿಣಿಯಾಗಿರುವಾಗಲೇ ಕಲಿತವರಿಗೆ ಹೆರಿಗೆಯ ನಂತರ ಸೋರಿಕೆಯ ಸಂಭವ ಕಡಿಮೆ ಎಂಬುದಕ್ಕೂ ಒಳ್ಳೆಯ ಆಧಾರಗಳಿವೆ. ಅವಸರದ ಬಗೆಯ ಸೋರಿಕೆಗೆ ಇದರ ಜೊತೆಗೆ ಮೂತ್ರಕ್ಕೆ ಹೋಗುವ ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ಅಭ್ಯಾಸವೂ, ಚಹಾ ಕಾಫಿ ಕಡಿಮೆ ಮಾಡುವುದೂ ಸಹಾಯಕ. ಮೂರು ತಿಂಗಳ ಸರಿಯಾದ ಅಭ್ಯಾಸದಿಂದ ಗುಣ ಕಾಣದವರಿಗೆ ಔಷಧಿ, ಒಳಗೆ ಇಡುವ ಆಸರೆಯ ಉಂಗುರ, ಸಣ್ಣ ಶಸ್ತ್ರಚಿಕಿತ್ಸೆ ಇವೆ. ಅದನ್ನು ತಜ್ಞರು ನಿರ್ಧರಿಸುತ್ತಾರೆ.

ಎಲ್ಲ ಸೋರಿಕೆಯೂ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹೆರಿಗೆಯಾಗಿ ಅಥವಾ ನಳಿಕೆ ತೆಗೆದು ಆರು ಗಂಟೆಯಾದರೂ ಮೂತ್ರವೇ ಹೋಗದಿದ್ದರೆ ತಕ್ಷಣ ದಾದಿಯರಿಗೆ ತಿಳಿಸಬೇಕು. ತುಂಬಿದ ಮೂತ್ರಕೋಶ ಹಿಗ್ಗಿ, ಆಮೇಲೆ ತೊಟ್ಟಿಕ್ಕತೊಡಗುತ್ತದೆ. ಉರಿಮೂತ್ರ, ಚಳಿಜ್ವರ ಇದ್ದರೆ ಅದು ಸೋಂಕು. ಕೆಳಗೆ ಏನೋ ಇಳಿದು ಕೈಗೆ ತಾಕುವಂತಿದ್ದರೆ ಅದು ಗರ್ಭಕೋಶ ಜಾರುವಿಕೆ. ಇವೆಲ್ಲಕ್ಕಿಂತ ಗಂಭೀರವಾದದ್ದು, ಕೆಮ್ಮು ಸೀನು ಏನೂ ಇಲ್ಲದೆ, ಮಲಗಿರಲಿ ಕುಳಿತಿರಲಿ ಹಗಲೂ ರಾತ್ರಿಯೂ ಮೂತ್ರ ಒಂದೇ ಸಮನೆ ಹರಿಯುವುದು. ಕಷ್ಟದ ಹೆರಿಗೆಯಲ್ಲಿ ಮಗುವಿನ ತಲೆ ಬಹಳ ಹೊತ್ತು ಒತ್ತಿಕೊಂಡಿದ್ದರೆ, ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಪೆಟ್ಟಾಗಿದ್ದರೆ, ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರವಾಗಿರುತ್ತದೆ. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಯಾವ ವ್ಯಾಯಾಮದಿಂದಲೂ ಇದು ಮುಚ್ಚುವುದಿಲ್ಲ. ಬೇಗ ತಿಳಿದು ಬಂದ ಸಣ್ಣ ರಂಧ್ರ ಕೆಲವು ವಾರ ನಳಿಕೆ ಇಡುವುದರಿಂದಲೇ ಕೂಡಿಕೊಳ್ಳಬಹುದು; ಇಲ್ಲವಾದರೆ ಶಸ್ತ್ರಚಿಕಿತ್ಸೆ. ವಿಶ್ವಸಂಸ್ಥೆ ಪ್ರತಿ ವರ್ಷ ಮೇ 23ನ್ನು ಇದರ ನಿರ್ಮೂಲನೆಗಾಗಿ ಮೀಸಲಿಟ್ಟಿದೆ. ಆಸ್ಪತ್ರೆಯ ಹೆರಿಗೆ ಹೆಚ್ಚಿದ ಮೇಲೆ ನಮ್ಮಲ್ಲಿ ಇದು ವಿರಳವಾಗಿದೆ. ಆದರೂ ವಾಸನೆಯ ಕಾರಣಕ್ಕೆ ಮನೆಯ ಹೊರಗಿನ ಕೋಣೆಯಲ್ಲಿ ಇರಿಸಿದ ಒಬ್ಬ ಹೆಂಗಸು ತಮ್ಮ ಊರಿನಲ್ಲಿದ್ದರೆ, ಆಕೆಯನ್ನು ಅದೇ ವಾರ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ಹೊಣೆಯನ್ನು ದಯವಿಟ್ಟು ಯಾರಾದರೂ ಹೊತ್ತುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಮೂತ್ರ ಸೋರುತ್ತದೆ, ಬಿಳುಪು ಹೋಗುತ್ತದೆ ಎಂದು ಹೋದ ಹೆಂಗಸಿಗೆ 'ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡು' ಎನ್ನುವ ಸಲಹೆ ಕೆಲವೊಮ್ಮೆ ದೊರೆಯುತ್ತದೆ. ಸುಮಾರು ಒಂದು ದಶಕದ ಹಿಂದೆ ಕಲಬುರಗಿ ಜಿಲ್ಲೆಯಲ್ಲಿ, ಅದರಲ್ಲೂ ತಾಂಡಾಗಳ ಮತ್ತು ದಲಿತ ಸಮುದಾಯಗಳ ಹೆಂಗಸರಿಗೆ, ಚಿಕ್ಕ ವಯಸ್ಸಿನಲ್ಲಿಯೇ ಅನಗತ್ಯವಾಗಿ ಇಂಥ ಶಸ್ತ್ರಚಿಕಿತ್ಸೆಗಳಾದ ವಿಚಾರ ರಾಜ್ಯವೆಲ್ಲ ತಿಳಿದದ್ದೇ; ಸರ್ಕಾರದ ವಿಚಾರಣೆಯೂ ನಡೆಯಿತು. ಸೋರುವುದು ಮೂತ್ರಕೋಶದ ದಾರಿಯಿಂದ. ಗರ್ಭಕೋಶ ತೆಗೆಸಿದರೆ ಅದು ನಿಲ್ಲುವುದಿಲ್ಲ. ಮುಂದೆ ಅದು ಹೆಚ್ಚಾಗುವ ಸಂಭವವೂ ಇದೆ. ಸಾಲ ಮಾಡಿ, ಜಾನುವಾರು ಮಾರಿ ಶಸ್ತ್ರಚಿಕಿತ್ಸೆ ಮಾಡಿಸುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ ಎಂದು ತಮ್ಮ ವಾರ್ಡಿನ ಮನೆಗಳಿಗೆ ತಾವು ಹೇಳಿದರೆ ಅದಕ್ಕೆ ಬೆಲೆ ಇರುತ್ತದೆ.

ಈಗ ತಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ: ಇದು ಆರೋಗ್ಯ ಇಲಾಖೆಯ ಕೆಲಸ, ಚರಂಡಿ, ಬೀದಿದೀಪ ನೋಡುವ ಪಂಚಾಯಿತಿಗೆ ಇದರಲ್ಲೇನು ಕೆಲಸ?

ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಹೋಗಬೇಕು. 3, 7, 14, 21, 28 ಮತ್ತು 42ನೆಯ ದಿನಗಳಂದು. ಆ ಬಳಿಕ ಮಗುವಿನ ಬೆಳವಣಿಗೆ ನೋಡಲು 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಹೋಗಬೇಕು. ಅಂದರೆ ನಾನು ಮೊದಲೇ ಹೇಳಿದ ಮೂರನೆಯ ತಿಂಗಳಿಗೆ ಸರಿಯಾಗಿ ಆಕೆ ಮನೆಯ ಬಾಗಿಲಲ್ಲಿ ಇರುತ್ತಾಳೆ. ಹೊಸ ಯೋಜನೆ ಬೇಡ, ಹೊಸ ಅನುದಾನ ಬೇಡ. ಮಗುವನ್ನು ನೋಡಿಯಾದ ಮೇಲೆ ತಾಯಿಯನ್ನು ಒಬ್ಬಳನ್ನೇ ಒಳಗೆ ಕರೆದು, 'ಕೆಮ್ಮಿದಾಗ, ಭಾರ ಎತ್ತಿದಾಗ ಬಟ್ಟೆ ಒದ್ದೆಯಾಗುತ್ತದೆಯೇ ಅಕ್ಕಾ?' ಎಂಬ ಒಂದು ಪ್ರಶ್ನೆ ಕೇಳಿದರೆ ಸಾಕು. ಹೌದೆಂದರೆ ವ್ಯಾಯಾಮ ಹೇಳಿಕೊಟ್ಟು, ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೆ ಕಳುಹಿಸಬೇಕು. ಮುಂದಿನ ಭೇಟಿಯಲ್ಲಿ ಮತ್ತೆ ಕೇಳಬೇಕು.

ಇಲ್ಲೊಂದು ತೊಡಕಿದೆ, ಅದನ್ನು ಬಿಡಿಸಬಲ್ಲವರು ತಾವೇ. ಬಾಣಂತಿ ಇರುವುದು ತವರಿನಲ್ಲಿ. ತಾಯಿ ಕಾರ್ಡು ಆಗಿರುವುದು ಅನೇಕ ವೇಳೆ ಗಂಡನ ಊರಿನಲ್ಲಿ. ತವರೂರಿನ ಆಶಾ, ಈಕೆ ನಮ್ಮ ಪಟ್ಟಿಯವಳಲ್ಲ ಎಂದುಕೊಳ್ಳಬಹುದು. ಗಂಡನ ಊರಿನ ಆಶಾ, ಬಂದ ಮೇಲೆ ನೋಡೋಣ ಎಂದುಕೊಳ್ಳಬಹುದು. ಮೂರು ತಿಂಗಳಿಗೋ ಐದು ತಿಂಗಳಿಗೋ ತೊಟ್ಟಿಲು ಹೊತ್ತು ಆಕೆ ಹಿಂದಿರುಗಿದಾಗ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಮಾರನೆಯ ದಿನದಿಂದ ನೀರು, ಸೌದೆ, ಹುಲ್ಲು ಎಲ್ಲ ಆಕೆಯ ತಲೆಯ ಮೇಲೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಅಧ್ಯಕ್ಷತೆ ಗ್ರಾಮ ಪಂಚಾಯಿತಿ ಸದಸ್ಯರದ್ದು. ಸಮಿತಿಯ ಮಾಸಿಕ ಸಭೆಯಲ್ಲಿ, 'ಈ ತಿಂಗಳು ತವರಿನಿಂದ ಹಿಂದಿರುಗಿದ ಬಾಣಂತಿಯರು ಎಷ್ಟು? ಎಲ್ಲರನ್ನೂ ಭೇಟಿ ಮಾಡಲಾಯಿತೇ?' ಎಂದು ಕೇಳಿ ನಡವಳಿಯಲ್ಲಿ ಬರೆಸಿ. ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳವರೆಗೆ ಮುಕ್ತ ನಿಧಿಗೆ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಬಡ ತಾಯಿಯೊಬ್ಬಳನ್ನು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಕಳುಹಿಸುವ ಪ್ರಯಾಣ ವೆಚ್ಚಕ್ಕೆ ಅದು ನೆರವಾಗಬಹುದು. ಹೆರಿಗೆಯಾಗಿ 42 ದಿನಗಳವರೆಗೆ ತಾಯಿಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತವಾಗಿರುವುದೂ ತಮ್ಮ ಗಮನದಲ್ಲಿರಲಿ.

ಒಂದು ವಿನಂತಿ: ಎಷ್ಟು ಮಂದಿ ಎಂದು ಬರೆಸಿ, ಯಾರು ಎಂದು ಬರೆಸಬೇಡಿ. ಪಂಚಾಯಿತಿಗೆ ಪಟ್ಟಿ ಮಾಡುವ ಅಭ್ಯಾಸ ಬಲವಾಗಿದೆ. ಫಲಾನುಭವಿಗಳ ಪಟ್ಟಿಯಂತೆ ಮೂತ್ರ ಸೋರುವವರ ಪಟ್ಟಿಯನ್ನು ಯಾರಾದರೂ ಸೂಚನಾ ಫಲಕಕ್ಕೆ ಅಂಟಿಸಿದರೆ, ಆ ಊರಿನಲ್ಲಿ ಮುಂದಿನ ಇಪ್ಪತ್ತು ವರ್ಷ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ. ಪುರುಷ ಸದಸ್ಯರು ಯಾರನ್ನೂ ಈ ಬಗ್ಗೆ ನೇರವಾಗಿ ಕೇಳಬೇಕಾಗಿಲ್ಲ. ಮಹಿಳಾ ಗ್ರಾಮ ಸಭೆಯಲ್ಲಿ, ಕೂಸಿನ ಮನೆಯಲ್ಲಿ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಗೆ ಹತ್ತು ನಿಮಿಷ ಬಿಡಿಸಿಕೊಟ್ಟರೆ ಆಯಿತು. ಎಲ್ಲರಿಗೂ ಒಟ್ಟಾಗಿ ಹೇಳಿಕೊಟ್ಟಾಗ ಯಾರಿಗೆ ತೊಂದರೆಯಿದೆ ಎಂಬುದು ಗೊತ್ತಾಗಬೇಕಾದ ಅಗತ್ಯವೇ ಇಲ್ಲ.

ಇನ್ನು ಶೌಚಾಲಯದ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ನಿಷ್ಠುರವಾಗಿ ಮಾತನಾಡಿದರೆ ಕ್ಷಮಿಸಬೇಕು. ಗಂಡ ಹೆಣ್ಣು ಇಬ್ಬರ ಬಳಕೆಗೂ ಸಾಕಷ್ಟು ಸಮುದಾಯ ಶೌಚಾಲಯಗಳನ್ನು ಕಟ್ಟಿಸಿ ನಿರ್ವಹಿಸುವುದನ್ನು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೆಯ ಪ್ರಕರಣವು ಗ್ರಾಮ ಪಂಚಾಯಿತಿಯ ಕರ್ತವ್ಯಗಳಲ್ಲಿ ಸೇರಿಸಿದೆ. ಕಟ್ಟಿಸಿದ್ದೇವೆ ಎಂದು ತಾವು ಹೇಳಬಹುದು, ನಾನೂ ನೋಡಿದ್ದೇನೆ. ಪಂಚಾಯಿತಿ ಕಟ್ಟಡದ ಹಿಂದೆ ಶೌಚಾಲಯವಿರುತ್ತದೆ, ಅದಕ್ಕೆ ಬೀಗವಿರುತ್ತದೆ. ಬೀಗದ ಕೈ ನೀರುಗಂಟಿಯ ಬಳಿ ಇರುತ್ತದೆ, ನೀರುಗಂಟಿ ಇನ್ನೊಂದು ಹಳ್ಳಿಯ ಮೋಟಾರು ನೋಡಲು ಹೋಗಿರುತ್ತಾನೆ. ಅವಸರದ ಸೋರಿಕೆ ಇರುವ ಹೆಂಗಸಿಗೆ ಇರುವ ಸಮಯ ಒಂದೆರಡು ನಿಮಿಷ. ಪಂಚಾಯಿತಿಯ ಸ್ಥಾನಗಳಲ್ಲಿ ಅರ್ಧದಷ್ಟನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಆದರೆ ನಾಲ್ಕು ಗಂಟೆ ನಡೆಯುವ ಸಾಮಾನ್ಯ ಸಭೆಯಲ್ಲಿ ಸದಸ್ಯೆಯೊಬ್ಬರು ಬೆಳಗಿನಿಂದ ನೀರು ಕುಡಿಯದೆ ಕುಳಿತಿದ್ದರೆ, ಅಥವಾ ಮುಖ್ಯ ವಿಷಯ ಬರುವ ಮೊದಲೇ ರುಜು ಹಾಕಿ ಹೊರಟುಬಿಟ್ಟರೆ, ಅವರಿಗೆ ಸಭೆಯಲ್ಲಿ ಆಸಕ್ತಿಯಿಲ್ಲವೆಂದು ತಿಳಿಯಬೇಡಿ. ಬೀಗ ತೆಗೆಸಿ, ಒಳಗೆ ನೀರು ಮತ್ತು ಬಟ್ಟೆ ಬದಲಿಸಲು ಒಂದು ಗೂಟ, ಒಂದು ಮುಚ್ಚಳದ ಬುಟ್ಟಿ ಇರಿಸಿ.

ಉದ್ಯೋಗ ಖಾತರಿ ಕಾಮಗಾರಿಯ ಸ್ಥಳಗಳಲ್ಲಿ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಯೇ ಎಂದು ಪರಿಶೀಲಿಸುತ್ತೇವೆ. ಹೆಂಗಸರಿಗೆ ಮರೆ ಎಲ್ಲಿದೆ ಎಂದು ಕೇಳುವುದಿಲ್ಲ. ಕೆರೆ ಹೂಳೆತ್ತುವ ಬಯಲಿನಲ್ಲಿ ನಾಲ್ಕು ಗೂಟ, ಒಂದು ತಾಡಪಾಲು ಹಾಕಿಸುವುದು ಕಷ್ಟವಲ್ಲ. ಮಗುವಿಗೆ ಐದಾರು ತಿಂಗಳಾಗಿ ಕೂಲಿಗೆ ಬಂದ ತಾಯಿಗೆ ಬುಟ್ಟಿ ತುಂಬಿ ಕೊಡುವ ಕೆಲಸ ಕೊಡಿ, ಹೊರುವ ಕೆಲಸ ಬೇಡ ಎಂದು ಮೇಟಿಗೆ ಹೇಳಿಡಿ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸಿನ ಟಿಕೆಟ್ಟು ಉಚಿತವಾಗಿದೆ. ಆದರೂ ಬಸ್ಸು ಹತ್ತದ ಹೆಂಗಸರು ತಮ್ಮ ಊರಿನಲ್ಲಿದ್ದಾರೆ. ಎರಡು ಗಂಟೆಯ ದಾರಿಯಲ್ಲಿ ಏನಾಗುವುದೋ ಎಂಬ ಭಯ ಅವರದು. ಮದುವೆಗೆ, ಜಾತ್ರೆಗೆ, ಮಗಳ ಶಾಲೆಯ ಸಭೆಗೆ ಅವರು ಹೋಗುವುದಿಲ್ಲ. ಕೇಳಿದರೆ ಮೈಗೆ ಸರಿಯಿಲ್ಲ ಎನ್ನುತ್ತಾರೆ.

ನೀರಿನ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಹದಿನೈದು ಲೀಟರಿನ ಕೊಡವೆಂದರೆ 15 ಕಿಲೋ ಭಾರ. ಮನೆಯ ನಲ್ಲಿಗೆ ನೀರು ಬಾರದ ದಿನ ಅಂಥ ಹತ್ತು ಕೊಡಗಳನ್ನು ತರುವವಳು ಹೆಚ್ಚಾಗಿ ಮನೆಯ ಸೊಸೆ. ಅಂದರೆ ಈಚೆಗೆ ಹೆತ್ತವಳು. ನೀರು ಬಿಡುವ ವೇಳಾಪಟ್ಟಿ ಸರಿಯಾಗಿರುವುದು ಆಕೆಯ ಚಿಕಿತ್ಸೆಯ ಒಂದು ಭಾಗವೆಂದು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಚಹಾ ವಿರಾಮದ ನಂತರ ಪಕ್ಕದ ಕೊಠಡಿಯಲ್ಲಿ ನಮ್ಮ ಶುಶ್ರೂಷಕಿಯರು ಮಹಿಳಾ ಸದಸ್ಯರಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ವ್ಯಾಯಾಮವನ್ನು ಪ್ರತ್ಯಕ್ಷವಾಗಿ ಹೇಳಿಕೊಡಲಿದ್ದಾರೆ. ಯಾರೂ ಹೆಸರು ಬರೆಸಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ಅದೇ ಹೊತ್ತಿನಲ್ಲಿ ಪುರುಷ ಸದಸ್ಯರು ಇಲ್ಲಿಯೇ ಕುಳಿತು, ತಮ್ಮ ತಮ್ಮ ಗ್ರಾಮದ ಆರೋಗ್ಯ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತು ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೊಡನೆ ನೋಡಿಕೊಳ್ಳಬಹುದು. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿನ ಪೆಟ್ಟಿಗೆಗೆ ಹಾಕಿ. ಹೆಸರಿಲ್ಲದ ಚೀಟಿಗೂ ಉತ್ತರ ಕೊಡುತ್ತೇನೆ.